ಮದ್ದಿನ ಪಂಪಿನ ಕಾರ್ಬುರೇಟರ್: ಬದಿಯಡ್ಕದ ಒಂದು ವರ್ಕ್‌ಶಾಪಿನಲ್ಲಿ ಆದ ದುರಸ್ತಿ

ಜುಲೈ ತಿಂಗಳಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆ ಒಂದು ಬೆಳಿಗ್ಗೆ ಹೊಳವಾದಾಗ, ಬೋರ್ಡೋ ದ್ರಾವಣಕ್ಕಾಗಿ ಮೈಲುತುತ್ತು ಮತ್ತು ಸುಣ್ಣವನ್ನು ಹಿಂದಿನ ರಾತ್ರಿಯೇ ಬೇರೆಬೇರೆಯಾಗಿ ನೆನೆಸಿಟ್ಟು, ಮದ್ದು ಬಿಡುವ ಇಬ್ಬರು ಕೆಲಸದವರನ್ನು ಗೊತ್ತು ಮಾಡಿಕೊಂಡು, ಫೈಬರ್ ದೋಟಿಗೆ ಪೈಪು ಸಿಕ್ಕಿಸಿ ಎಲ್ಲವೂ ಸಿದ್ಧವಾದ ಮೇಲೆ ಪಂಪಿನ ಎಂಜಿನ್ ಸರಿಯಾಗಿ ಓಡದಿದ್ದರೆ ಏನಾಗುತ್ತದೆಂಬುದನ್ನು ಕಾಸರಗೋಡಿನ ಅಡಿಕೆ ಕೃಷಿಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ನಮ್ಮ ದುರಸ್ತಿ ಮುಗಿಯುವ ತನಕ ಕಾಯುವುದಿಲ್ಲ. ನನ್ನ ಪಂಪಿನ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ ಆ ಬೆಳಿಗ್ಗೆ ಸ್ಟಾರ್ಟ್ ಏನೋ ಆಯಿತು, ಆದರೆ ದ್ರಾವಣ ಚಿಮ್ಮಿಸುವ ಗನ್ ಮುಚ್ಚಿದಾಗ ಅದರ ವೇಗ ಉಸಿರು ಕಟ್ಟಿದವರ ಹಾಗೆ ಏರುತ್ತ ಇಳಿಯುತ್ತ ಇತ್ತು. ಗನ್ ತೆರೆದು ಭಾರ ಬಿದ್ದ ಕೂಡಲೇ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿತ್ತು. ಒತ್ತಡ ನಿಲ್ಲದ ಕಾರಣ ದೋಟಿಯ ತುದಿಯಿಂದ ಮಂಜಿನ ಹಾಗೆ ಹರಡಬೇಕಾದ ದ್ರಾವಣ ಹನಿಹನಿಯಾಗಿ ನಮ್ಮ ತಲೆಯ ಮೇಲೆಯೇ ಬೀಳುತ್ತಿತ್ತು. ಆ ದಿನ ಅರ್ಧ ತೋಟಕ್ಕೂ ಮದ್ದು ಮುಟ್ಟಲಿಲ್ಲ.

ಈ ಎಂಜಿನ್‌ಗೆ ನಾನು ಮಾಡಿಸಿದ ಮೊದಲ ಚಿಕಿತ್ಸೆ ತಪ್ಪಾಗಿತ್ತು. ಅದನ್ನು ಇಲ್ಲಿ ಬರೆಯುವುದು ಅಗತ್ಯ, ಏಕೆಂದರೆ ಇದೇ ವಸ್ತುವನ್ನು ನಮ್ಮ ಕಡೆಯ ಇನ್ನೂ ಕೆಲವರು ಖರೀದಿಸಿದ್ದನ್ನು ಕಂಡಿದ್ದೇನೆ. ಕಳೆದ ವರ್ಷ ಆನ್‌ಲೈನ್‌ನಲ್ಲಿ 480 ರೂಪಾಯಿ ಕೊಟ್ಟು, ಗಾಳಿಯನ್ನು ಸುಳಿಯಂತೆ ತಿರುಗಿಸಿ ಪೆಟ್ರೋಲಿನೊಡನೆ ಚೆನ್ನಾಗಿ ಬೆರೆಸುತ್ತದೆಂದು ಹೇಳಿಕೊಳ್ಳುವ ಒಂದು ತಗಡಿನ ಬಳೆಯನ್ನು ತರಿಸಿದ್ದೆ. ಫ್ಯಾನಿನ ಎಲೆಗಳಂತೆ ಓರೆಯಾಗಿ ಬಾಗಿಸಿದ ಆರು ರೆಕ್ಕೆಗಳು ಅದರ ಒಳಗಿದ್ದವು. ಏರ್ ಫಿಲ್ಟರ್ ಮತ್ತು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್‌ಗಳ ನಡುವೆ ಅದನ್ನು ಕೂರಿಸಬೇಕು, ಇಂಧನ ಕಾಲುಭಾಗ ಉಳಿಯುತ್ತದೆ ಎಂಬುದು ಮಾರಾಟಗಾರರ ಮಾತು. ನಾನು ಅದನ್ನು ಹಾಕಿಯೂ ಹಾಕದೆಯೂ ಪರೀಕ್ಷಿಸಿದೆ. ಟ್ಯಾಂಕ್ ಖಾಲಿ ಮಾಡಿ, ಅಳೆದ ಒಂದು ಲೀಟರ್ ಪೆಟ್ರೋಲ್ ಹೊಯ್ದು, ಬರೀ ನೀರನ್ನು ಅದೇ ಗನ್ನಿನಲ್ಲಿ, ಅದೇ ಒತ್ತಡದಲ್ಲಿ ಬಿಡುತ್ತ ಎಂಜಿನ್ ನಿಲ್ಲುವ ತನಕ ಗಡಿಯಾರ ನೋಡಿದೆ. ಬಳೆ ಇದ್ದಾಗ 52 ನಿಮಿಷ, ಇಲ್ಲದಿದ್ದಾಗ 53 ನಿಮಿಷ. ಒಂದು ನಿಮಿಷದ ವ್ಯತ್ಯಾಸವನ್ನು ನಾನು ವ್ಯತ್ಯಾಸವೆಂದು ಎಣಿಸುವುದಿಲ್ಲ. ಒಟ್ಟಿನಲ್ಲಿ ಲಾಭವಂತೂ ಇರಲಿಲ್ಲ.

ಏಕೆ ಇರಲಿಲ್ಲ ಎಂಬುದು ಕಾರ್ಬುರೇಟರ್ ಕೆಲಸ ಮಾಡುವ ಬಗೆಯಲ್ಲಿಯೇ ಇದೆ. ಗಾಳಿ ಹೋಗುವ ಕೊಳವೆಯನ್ನು ನಡುವೆ ಕಿರಿದುಗೊಳಿಸಿದರೆ ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಹೊರಗಿನ ವಾಯುಭಾರವು ಆ ಕಿರಿದಾದ ಜಾಗಕ್ಕೆ ಮೇಲೆ ತಳ್ಳುತ್ತದೆ. ಇಟಲಿಯ ವೆಂಚುರಿ ಎಂಬ ವಿಜ್ಞಾನಿಯ ಹೆಸರಿನಿಂದ ಈ ಕಿರಿದಾದ ಭಾಗವನ್ನು ಗುರುತಿಸುತ್ತಾರೆ. ಬಳೆಯ ರೆಕ್ಕೆಗಳು ಎಬ್ಬಿಸುವ ಸುಳಿ ಈ ಕುತ್ತಿಗೆಯನ್ನು ದಾಟಿ, ಎಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಥ್ರಾಟಲ್ ತಟ್ಟೆಗೆ ಬಡಿದು ಹೋಗುವಷ್ಟರಲ್ಲಿ ಚದುರಿರುತ್ತದೆ, ರೆಕ್ಕೆಗಳು ಗಾಳಿಯ ದಾರಿಯನ್ನು ಸ್ವಲ್ಪ ಅಡ್ಡಗಟ್ಟುವುದಂತೂ ಖಂಡಿತ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಧನ ಉಳಿಸುತ್ತವೆಂದು ಮಾರಲಾಗುವ ನೂರಕ್ಕೂ ಹೆಚ್ಚು ಸಾಧನಗಳನ್ನು ವರ್ಷಗಳ ಕಾಲ ಪರಿಶೀಲಿಸಿ, ಹೇಳಿಕೊಳ್ಳುವಂತಹ ಉಳಿತಾಯ ಯಾವುದರಲ್ಲಿಯೂ ಕಾಣಲಿಲ್ಲವೆಂದು ಹೇಳಿದ್ದು ಇಂಥವುಗಳ ಬಗ್ಗೆಯೇ.

ಹೀಗಿರುವಾಗ ನೀರ್ಚಾಲಿನ ಗೆಳೆಯರೊಬ್ಬರು ಬದಿಯಡ್ಕ ಪೇಟೆಯ ಹೊರಗೆ, ಪೆರ್ಲ ರಸ್ತೆಯ ಬದಿಯಲ್ಲಿರುವ ಒಂದು ಸಣ್ಣ ವರ್ಕ್‌ಶಾಪನ್ನು ಸೂಚಿಸಿದರು. ಬೋರ್ಡು ಮಲಯಾಳದಲ್ಲಿದೆ, ಒಳಗಿನ ಮಾತು ಬಂದವರನ್ನು ನೋಡಿಕೊಂಡು ತುಳು, ಕನ್ನಡ, ಮಲಯಾಳಗಳಲ್ಲಿ ನಡೆಯುತ್ತದೆ. ಬೈಕುಗಳನ್ನೂ ನೋಡುತ್ತಾರಾದರೂ ಮಳೆಗಾಲದಲ್ಲಿ ಅಲ್ಲಿ ಸಾಲಾಗಿ ಇಟ್ಟಿರುವುದು ಮದ್ದಿನ ಪಂಪುಗಳು ಮತ್ತು ಹುಲ್ಲು ಕತ್ತರಿಸುವ ಯಂತ್ರಗಳು. ನಾನು ಹೋದ ಬೆಳಿಗ್ಗೆ ನನಗಿಂತ ಮೊದಲು ಐದು ಎಂಜಿನ್‌ಗಳಿದ್ದವು.

ಮೆಕ್ಯಾನಿಕ್ ಮೊದಲು ಯಾವ ಸ್ಪಾನರನ್ನೂ ಕೈಗೆತ್ತಿಕೊಳ್ಳಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗುವ ತನಕ ಬಿಟ್ಟು, ಆ ಏರಿಳಿತವನ್ನು ಕೇಳಿಸಿಕೊಂಡರು. ಬಳಿಕ ಚೋಕನ್ನು ನಿಧಾನವಾಗಿ ಅರ್ಧ ಎಳೆದರು. ವೇಗ ತಟ್ಟನೆ ಒಂದೇ ಮಟ್ಟಕ್ಕೆ ಬಂದು ನಿಂತಿತು. ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಆಗ ಎಂಜಿನ್ ಸುಧಾರಿಸಿತೆಂದರೆ ಭಾರವಿಲ್ಲದ ಓಟದಲ್ಲಿ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಹಾಗಾದರೆ ಭಾರ ಬಿದ್ದಾಗ ಕಪ್ಪು ಹೊಗೆ ಏಕೆ ಎಂದು ನಾನು ಕೇಳಿದೆ. ಪೆಟ್ರೋಲ್ ಸಾಲದ ಎಂಜಿನ್ ಕಪ್ಪು ಹೊಗೆ ಬಿಡುವುದಿಲ್ಲವಲ್ಲ. "ಅದು ಬೇರೆ ರೋಗ ಮಾಷ್ಟ್ರೇ, ಬಿಚ್ಚಿದ ಮೇಲೆ ತೋರಿಸ್ತೇನೆ" ಎಂದರು. ಪ್ಲಗ್ ತೆಗೆದು ನೋಡಿದಾಗ ಅದು ಒಲೆಯ ಮಸಿಯ ಹಾಗೆ ಒಣ ಕಪ್ಪಾಗಿತ್ತು.

ಕಾರ್ಬುರೇಟರಿನ ಬಟ್ಟಲು ಕಳಚಿದಾಗ ತಳದಲ್ಲಿ ಬಿಳಿಯ ಹುಡಿ, ಹಿತ್ತಾಳೆಯ ಭಾಗಗಳ ಮೇಲೆ ಹಸಿರು ಕಿಲುಬು. ಇದು ಈಗ ಬಹುತೇಕ ಎಲ್ಲ ಪಂಪುಗಳಲ್ಲಿ ಕಾಣುವ ಸಂಗತಿಯೆಂದು ಅವರು ಹೇಳಿದರು, ಕಾರಣವೂ ಸ್ಪಷ್ಟ. 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್ 2023ರಲ್ಲಿ ಆಯ್ದ ಬಂಕುಗಳಿಗೆ ಬಂದು 2025ರ ಹೊತ್ತಿಗೆ ಎಲ್ಲೆಡೆ ಸಾಮಾನ್ಯವಾಯಿತು. ಎಥೆನಾಲ್ ನೀರನ್ನು ಹೀರುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲನ್ನು ತಿಂಗಳುಗಟ್ಟಲೆ ಇಟ್ಟರೆ ನೀರು ಎಥೆನಾಲಿನೊಂದಿಗೆ ಸೇರಿ ತಳಕ್ಕೆ ಇಳಿಯುವುದೂ ಉಂಟು. ಪಂಪು ವರ್ಷದಲ್ಲಿ ಎರಡು ಮೂರು ಸಲ ಮಾತ್ರ ಓಡುವ ಯಂತ್ರವಾದುದರಿಂದ ಬೈಕಿಗಿಂತ ಅದಕ್ಕೆ ಈ ತೊಂದರೆ ಹೆಚ್ಚು.

ಪೆಟ್ರೋಲನ್ನು ಅಳೆದು ಬಿಡುವ ತೂತಿನ ತುಂಡುಗಳಿಗೆ ಜೆಟ್ ಎನ್ನುತ್ತಾರೆ. ಅವುಗಳಲ್ಲಿ ಚಿಕ್ಕದಾದ ಪೈಲಟ್ ಜೆಟ್ಟಿನ ಕೂದಲೆಳೆಯಷ್ಟು ಸಣ್ಣ ತೂತು ಪೂರ್ತಿ ಮುಚ್ಚಿಹೋಗಿತ್ತು. ಭಾರವಿಲ್ಲದಾಗ ಎಂಜಿನ್ ಕುಡಿಯುವುದು ಮುಖ್ಯವಾಗಿ ಈ ದಾರಿಯಿಂದ. ಅದು ಮುಚ್ಚಿದರೆ ವೇಗ ಇಳಿಯುತ್ತದೆ, ವೇಗವನ್ನು ಒಂದೇ ಮಟ್ಟದಲ್ಲಿ ಇಡುವ ಗವರ್ನರ್ ಥ್ರಾಟಲನ್ನು ತೆರೆಯುತ್ತದೆ, ಆಗ ದೊಡ್ಡ ಜೆಟ್ಟಿನಿಂದ ಪೆಟ್ರೋಲ್ ಬಂದು ವೇಗ ಏರುತ್ತದೆ, ಗವರ್ನರ್ ಪುನಃ ಮುಚ್ಚುತ್ತದೆ. ಮೊದಲ ರೋಗದ ವಿವರ ಇಷ್ಟೇ. ಎರಡನೆಯದನ್ನು ನನಗೆ ತೋರಿಸುವುದಕ್ಕಾಗಿ ಅವರು ನಡುವಿನ ಹಿತ್ತಾಳೆಯ ನಳಿಗೆಯನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ, ಸುಮಾರು ಅರ್ಧ ಬೆರಳುದ್ದ, ಮೈತುಂಬ ಅಡ್ಡ ತೂತುಗಳು. "ಬೆಳಕಿಗೆ ಹಿಡಿದು ನೋಡಿ, ಎಷ್ಟು ತೂತು ಕಾಣ್ತದೆ ಹೇಳಿ." ನನಗೆ ಮೂರು ಕಂಡವು. ಇರಬೇಕಾದುದು ಎಂಟು.

ಈ ನಳಿಗೆಯೇ ನಿಜವಾದ ಬೆರಕೆಯ ಜಾಗ. ಗಾಳಿಯ ಒಂದು ಸಣ್ಣ ಪಾಲು ಬೇರೊಂದು ದಾರಿಯಿಂದ ಬಂದು ಈ ಅಡ್ಡ ತೂತುಗಳ ಮೂಲಕ ಒಳನುಗ್ಗಿ, ಮೇಲೇರುತ್ತಿರುವ ಪೆಟ್ರೋಲನ್ನು ನೊರೆಯಾಗಿಸುತ್ತದೆ. ನೊರೆಯಾದ ಪೆಟ್ರೋಲ್ ಕುತ್ತಿಗೆಯ ವೇಗದ ಗಾಳಿಗೆ ಸಿಕ್ಕಿದ ಕೂಡಲೇ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ತೂತು ಮುಚ್ಚಿದರೆ ಪೆಟ್ರೋಲ್ ದಾರದ ಹಾಗೆ ಎಳೆಯಾಗಿ ಬರುತ್ತದೆ, ದಪ್ಪ ಹನಿಗಳು ಕೊಳವೆಯ ಗೋಡೆಗೆ ಬಡಿದು ಪಸೆಯಾಗಿ ಹರಿಯುತ್ತವೆ, ಸಿಲಿಂಡರಿನೊಳಗೆ ಕೆಲವು ಕಡೆ ಪೆಟ್ರೋಲ್ ಹೆಚ್ಚು, ಕೆಲವು ಕಡೆ ಕಡಿಮೆ. ಅಷ್ಟೇ ಅಲ್ಲ, ಸೆಳೆತ ಹೆಚ್ಚಿದಂತೆ ಪೆಟ್ರೋಲ್ ಅಳತೆ ಮೀರಿ ಬರದಂತೆ ತಡೆಯುವುದೂ ಇದೇ ಗಾಳಿ. ಅದಿಲ್ಲದಿದ್ದರೆ ಭಾರ ಬಿದ್ದಾಗ ಮಿಶ್ರಣ ದಪ್ಪವಾಗಿ, ಅಂದರೆ ಪೆಟ್ರೋಲಿನ ಪಾಲು ಹೆಚ್ಚಾಗಿ, ಕಪ್ಪು ಹೊಗೆಯಾಗುತ್ತದೆ. ಒಂದೇ ಎಂಜಿನ್ ಹಗುರದಲ್ಲಿ ಹಸಿದು ಭಾರದಲ್ಲಿ ಉಕ್ಕುವುದು ಹೀಗೆ. ಮದ್ದು ಬಿಡುವವರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ: ನೋಜಲ್ ಸರಿಯಿದ್ದರೆ ಬೋರ್ಡೋ ಮಂಜಾಗಿ ಗೊನೆಯ ಒಳಗಿನ ಕಾಯಿಗಳಿಗೂ ಹಿಡಿಯುತ್ತದೆ, ನೋಜಲ್ ಸವೆದಿದ್ದರೆ ಅಷ್ಟೇ ದ್ರಾವಣ ಹನಿಯಾಗಿ ಮರದ ಬುಡಕ್ಕೆ ಇಳಿದುಹೋಗುತ್ತದೆ. 1893ರಲ್ಲಿ ಜರ್ಮನಿಯಲ್ಲಿ ಮೇಬಾಖ್, ಹಂಗೇರಿಯಲ್ಲಿ ಬಾಂಕಿ ಮತ್ತು ಚೊಂಕಾ ಪೆಟ್ರೋಲನ್ನು ಚಿಮ್ಮಿಸಿ ಗಾಳಿಗೆ ಬೆರೆಸುವ ಕಾರ್ಬುರೇಟರುಗಳನ್ನು ಮಾಡಿದಾಗ ಅವರ ಮುಂದಿದ್ದ ಪ್ರಶ್ನೆಯೂ ದ್ರವವನ್ನು ಎಷ್ಟು ಸಣ್ಣದಾಗಿ ಒಡೆಯಬಹುದೆಂಬುದೇ ಆಗಿತ್ತು.

ಶುಚಿಗೊಳಿಸಿದ ಕ್ರಮ ನನಗೆ ಬಹಳ ಮೆಚ್ಚಿಗೆಯಾಯಿತು. ಹಿಂದೆ ಒಬ್ಬರು ಇದೇ ಕಾರ್ಬುರೇಟರಿನ ಜೆಟ್ಟಿಗೆ ಕ್ಲಚ್ ಕೇಬಲಿನ ಎಳೆಯನ್ನು ತೂರಿಸಿ ಉಜ್ಜಿದ್ದನ್ನು ನಾನು ಕಂಡಿದ್ದೇನೆ. ಹಿತ್ತಾಳೆ ಮೆದುವಾದುದರಿಂದ ಹಾಗೆ ಮಾಡಿದರೆ ತೂತು ಸವೆದು ಅಳತೆಯೇ ಕೆಡುತ್ತದೆ. ಇಲ್ಲಿ ಕ್ಲೀನರಿನಲ್ಲಿ ನೆನೆಸಿ, ಕಾದು, ಕಂಪ್ರೆಸರಿನ ಗಾಳಿ ಹೊಡೆದು, ಪುನಃ ನೆನೆಸಿ, ಪ್ರತಿ ತೂತನ್ನೂ ಬೆಳಕಿಗೆ ಹಿಡಿದು ನೋಡುತ್ತ ಎರಡು ಗಂಟೆ ಕಳೆದರು. ಪೈಲಟ್ ಜೆಟ್ ಬಿಡಿಸಲಾಗದಷ್ಟು ಕಟ್ಟಿದ್ದರಿಂದ ಹೊಸತು ಹಾಕಿದರು. ಬಟ್ಟಲಿನ ಪೆಟ್ರೋಲ್ ಮಟ್ಟವನ್ನು ಕಾಯುವ ಫ್ಲೋಟ್ ಸರಿಯಿತ್ತು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ಬೇಕಲೈಟ್ ತುಂಡಿನ ಎರಡು ಕಡೆಯ ಪ್ಯಾಕಿಂಗ್ ಬದಲಿಸಿದರು. ಅಲ್ಲಿಂದ ಕಳ್ಳಗಾಳಿ ಎಳೆದರೆ ಉಳಿದ ಎಲ್ಲ ಕೆಲಸವೂ ವ್ಯರ್ಥ. ತಗಡಿನ ಬಳೆಯನ್ನು ತೆಗೆದು ನನ್ನ ಕೈಗೆ ಕೊಟ್ಟರು, ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಕೊನೆಯ ಹೊಂದಾಣಿಕೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ. ಮಿಶ್ರಣದ ಸ್ಕ್ರೂ ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲಿನದ್ದು, ಬಿಚ್ಚಿದಷ್ಟೂ ಮಿಶ್ರಣ ದಪ್ಪವಾಗುತ್ತದೆ; ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದ್ದು, ಬಿಚ್ಚಿದಷ್ಟೂ ತೆಳುವಾಗುತ್ತದೆ. ಇದು ತಿಳಿಯದೆ ಎಲ್ಲ ಕಾರ್ಬುರೇಟರುಗಳನ್ನೂ ಒಂದೇ ರೀತಿ ತಿರುಗಿಸುವವರಿಂದಲೇ ಅರ್ಧಕ್ಕರ್ಧ ಎಂಜಿನ್‌ಗಳು ಕೆಡುತ್ತವೆಂಬುದು ಅವರ ಅಭಿಪ್ರಾಯ, ನನಗೂ ಅದು ಸರಿಯೆನಿಸಿತು. ನನ್ನದು ಮೊದಲನೆಯ ಬಗೆ. ಅರ್ಧ ಸುತ್ತು ಹೆಚ್ಚು ಬಿಚ್ಚಿದಲ್ಲಿ ಓಟ ನಯವಾಗಿ ನಿಂತಿತು. ಬರೀ ಪೆಟ್ರೋಲ್ ಪೂರ್ಣ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, 20 ಶೇಕಡಾ ಎಥೆನಾಲ್ ಇರುವ ಪೆಟ್ರೋಲಿಗೆ ಸುಮಾರು 13.5 ಪಾಲು ಸಾಕು. ಹಳೆಯ ಪೆಟ್ರೋಲಿಗೆಂದು ಕೂರಿಸಿದ ಜೆಟ್ಟುಗಳು ಈಗಿನ ಪೆಟ್ರೋಲಿನಲ್ಲಿ ಮಿಶ್ರಣವನ್ನು ತೆಳುವಾಗಿಸುತ್ತವೆಂಬ ಲೆಕ್ಕ ಅವರಿಗೆ ಕೈಯ ಅನುಭವದಿಂದಲೇ ಗೊತ್ತಿತ್ತು.

ಸಂಜೆ ನಾಲ್ಕಕ್ಕೆ ಎಂಜಿನ್ ಕೈಸೇರಿತು. ಪ್ಯಾಕಿಂಗ್, ಪೈಲಟ್ ಜೆಟ್, ಕ್ಲೀನರ್, ಕೂಲಿ ಎಲ್ಲ ಸೇರಿ 650 ರೂಪಾಯಿ. ಮನೆಗೆ ಬಂದು ಹಿಂದಿನ ಕ್ರಮದಲ್ಲಿಯೇ ಒಂದು ಲೀಟರಿನ ಪರೀಕ್ಷೆ ಮಾಡಿದೆ: 64 ನಿಮಿಷ. ಗನ್ ಮುಚ್ಚಿ ತೆರೆದರೂ ಒತ್ತಡದ ಮುಳ್ಳು ಕದಲುವುದಿಲ್ಲ, ಕಪ್ಪು ಹೊಗೆಯಿಲ್ಲ, ಎರಡನೆಯ ಎಳೆತಕ್ಕೆ ಸ್ಟಾರ್ಟ್. ಮರುದಿನವೇ ಉಳಿದ ತೋಟಕ್ಕೆ ಮದ್ದು ಬಿಟ್ಟು ಮುಗಿಸಿದೆವು.

ಕೊರತೆಗಳೂ ಇವೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಹೋದವರು ಅರ್ಧ ದಿನ ಕಾಯಲೇಬೇಕು, ಫೋನಿನಲ್ಲಿ ಸಮಯ ಗೊತ್ತುಮಾಡುವ ಕ್ರಮವಿಲ್ಲ. ಬದಲಿಸಿದ ಭಾಗಗಳ ವಿವರವಿರುವ ಬಿಲ್ಲು ಕೊಡುವುದಿಲ್ಲ. ಯಾವ ಅಳತೆಯ ಜೆಟ್ ಹಾಕಿದರೆಂಬುದನ್ನು ನಾನೇ ಕೇಳಿ ಬರೆದುಕೊಂಡೆ. ಇಷ್ಟು ಶ್ರದ್ಧೆಯ ಕೆಲಸ ಮಾಡುವವರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮುಂದಿನ ದುರಸ್ತಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಮುಖ್ಯವಾದ ಕೊರತೆಯೆಂದರೆ ದೊಡ್ಡ ಜೆಟ್ಟುಗಳ ಬೇರೆಬೇರೆ ಅಳತೆಗಳು ಅಂಗಡಿಯಲ್ಲಿ ಇರುವುದಿಲ್ಲ, ಮಂಗಳೂರಿನಿಂದ ತರಿಸಬೇಕು.

ನನ್ನ ಎಂಜಿನ್‌ಗೆ ಈಗ ಉಳಿದಿರುವುದು ಅದೇ. ನಳಿಗೆ ಶುಚಿಯಾದ ಮೇಲೆ ಪ್ಲಗ್ಗಿನ ಮಸಿ ಹೋಯಿತು, ಆದರೆ ತೋಟ ಮುಗಿಸಿ ತೆಗೆದು ನೋಡಿದಾಗ ಅದರ ತುದಿ, ಮಿಶ್ರಣ ಸರಿಯಿದ್ದಾಗ ಇರುವ ಹಾಲು ಹಾಕಿದ ಚಹಾದ ಬಣ್ಣಕ್ಕಿಂತ ತುಸು ಬಿಳಿಚಿಕೊಂಡಿತ್ತು. ಮುಚ್ಚಿದ ತೂತುಗಳು ಮಿಶ್ರಣವನ್ನು ದಪ್ಪವಾಗಿಸಿ ಮರೆಮಾಡಿದ್ದ ಎಥೆನಾಲಿನ ಪರಿಣಾಮ ಈಗ ಹೊರಗೆ ಕಾಣಿಸುತ್ತಿದೆ. ಆದುದರಿಂದ 53 ನಿಮಿಷ 64 ಆದುದೆಲ್ಲವೂ ಒಳ್ಳೆಯ ಬೆರಕೆಯ ಫಲವೆಂದು ನಾನು ಹೇಳಲಾರೆ, ಅದರಲ್ಲಿ ಸ್ವಲ್ಪ ಪಾಲು ಮಿಶ್ರಣ ತೆಳುವಾದುದರದ್ದು. ತೆಳು ಮಿಶ್ರಣದಲ್ಲಿ ದೀರ್ಘಕಾಲ ಭಾರ ಎಳೆದರೆ ವಾಲ್ವು ಬೇಗ ಬಿಸಿಯಾಗಿ ಕೆಡುತ್ತದೆ. ಪ್ಲಗ್ಗನ್ನು ಕಾಗದದಲ್ಲಿ ಸುತ್ತಿ ಒಯ್ದು ತೋರಿಸಿದಾಗ ಮೆಕ್ಯಾನಿಕ್ ಕೂಡ ಅದನ್ನೇ ಹೇಳಿ, ಜೆಟ್ಟನ್ನು ಕೊರೆದು ದೊಡ್ಡದು ಮಾಡಿಕೊಡಲು ಒಪ್ಪದೆ, ಒಂದು ಅಳತೆ ಹೆಚ್ಚಿನದ್ದನ್ನು ತರಿಸಲು ಬರೆದುಕೊಂಡರು. ಮೊದಲ ಸಿಂಪರಣೆಯಾಗಿ 40 ದಿನ ತುಂಬುವ ಮೊದಲು ಅದು ಬಂದರೆ ಎರಡನೆಯ ಸಿಂಪರಣೆಗೆ ಹೊಸ ಜೆಟ್ಟಿನಲ್ಲಿಯೇ ಓಡಿಸುತ್ತೇನೆ. ಅಷ್ಟರ ತನಕ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲು ಬರಿದಾಗಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಟ್ಯಾಂಕ್ ಖಾಲಿ ಮಾಡಿ ಕೊಟ್ಟಿಗೆಯ ಒಣ ಮೂಲೆಯಲ್ಲಿ ಇಟ್ಟಿದ್ದೇನೆ.