ಸಾಗರದ ನರ್ಸರಿಯ ಜೀರಿಗೆ ಮಿಡಿ ಕಸಿ ಗಿಡ

ಸಾಗರದ ಹತ್ತಿರದ ನರ್ಸರಿಯೊಂದರಿಂದ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಮಿಡಿಮಾವು) ಕಸಿ ಗಿಡ ತಂದೆ, ಜೀರಿಗೆ ಜಾತಿಯದು. ರೇಟು ಸ್ವಲ್ಪ ಜಾಸ್ತಿಯೇ. ಆದರೆ ಗೊರಟು ಹಾಕಿ ಬೆಳೆಸಿದ ಸಸಿಯನ್ನು ನಂಬೋ ಹಾಗಿಲ್ಲ, ಅಲ್ವಾ? ಮಾವಿನ ಜೀವಕೋಶದಲ್ಲಿ ಗುಣಗಳನ್ನು ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮ್, 40. ಹೂವಿನಲ್ಲಿ ಪರಾಗ, ಅಂಡ ಆಗುವಾಗ ಅವು 20 ಆಗುತ್ತವೆ. ತಾಯಿಮರದ ಯಾವ ಅರ್ಧ ಬರುತ್ತೋ, ಇನ್ನರ್ಧ ಯಾವ ಮರದ್ದೋ! ತಾಯಿಮರದಿಂದ ಕತ್ತರಿಸಿ ಬೇರೆ ಸಸಿಯ ಬುಡಕ್ಕೆ ಕೂಡಿಸುವ ಕಸಿಕಡ್ಡಿಯ ಕೋಶಗಳು ಹಾಗಲ್ಲ. 40ನ್ನೂ ನಕಲು ಮಾಡಿಕೊಂಡೇ ಎರಡಾಗುತ್ತವೆ. ಹಾಗಾಗಿ ಅದೇ ಸೊನೆ, ಅದೇ ಘಮ. ಎಲೆ ಹಿಸುಕಿ ಮೂಸಿದೆ, ಜೀರಿಗೆ ವಾಸನೆ ಗಮ್ಮಂತ ಬಂತು.

ಬೇಜಾರು ಒಂದೇ. ಕಡ್ಡಿ ಕೂಡಿಸಿದ ಕಸಿ ಗಂಟಿನ ಕೆಳಗೆ ಬಂದಿದ್ದ ಚಿಗುರನ್ನು ನರ್ಸರಿಯವರು ಚಿವುಟಿರಲಿಲ್ಲ. ಅದು ಬುಡದ ಕಾಟು ಮಾವಿನದು. ಸುಮ್ನೆ ಬಿಟ್ಟರೆ ಮೇಲಿನ ಜೀರಿಗೆ ಸೊರಗಿ, ಅದೇ ಮರವಾಗುತ್ತೆ. ಗಂಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯೂ ಕಾಂಡಕ್ಕೆ ಕಚ್ಚಿಕೊಂಡಿತ್ತು, ನಾನೇ ಬ್ಲೇಡಿನಲ್ಲಿ ಬಿಡಿಸಿದೆ. ಹೋದರೆ ಗಂಟು ನೋಡಿಯೇ ಗಿಡ ಆರಿಸಿ.