ಥಾಯ್ಲೆಂಡ್ ದ್ವೀಪಗಳ ರೆಡಿಮೇಡ್ ಪ್ಲ್ಯಾನ್: ಟಿಕೆಟ್‌ಗೆ ಫುಲ್ ಮಾರ್ಕ್ಸ್, ಪ್ಲ್ಯಾನ್‌ಗೆ ಅಲ್ಲ

ಥಾಯ್ಲೆಂಡಿನ ದ್ವೀಪಗಳನ್ನು ಸುತ್ತೋಣ ಅಂತ ಆನ್‌ಲೈನಿನಲ್ಲಿ ಪ್ಲ್ಯಾನ್ ಮಾಡಿಕೊಡುವ ಒಂದು ಸರ್ವಿಸ್ ತೆಗೆದುಕೊಂಡಿದ್ದೆವು. ಹೆಸರು ಬೇಡ ಬಿಡಿ. ದಿನ, ಬಜೆಟ್ ಹೇಳಿದರೆ ಯಾವ ದ್ವೀಪ, ಯಾವ ಬೋಟು, ಎಲ್ಲಿ ರೂಮು ಅಂತ ಒಂದು ಚೆಂದದ ಪಿಡಿಎಫ್ ಕಳಿಸುತ್ತಾರೆ. ಬೋಟಿನ ಟಿಕೆಟೂ ಅವರದ್ದೇ.

ಆ ಟಿಕೆಟ್ ವಿಷಯದಲ್ಲಿ ಮಾತ್ರ ಒಂದು ಮಾತು ಆಡುವಂತಿಲ್ಲ. ಫುಕೆಟ್‌ನ ಬೋಟು ಹತ್ತುವ ಕಟ್ಟೆ ರಸ್ಸಾಡ ಪಿಯರ್‌ನಲ್ಲಿ ವೋಚರ್ ತೋರಿಸಿದ ಕೂಡಲೇ ಅಂಗಿಗೆ ಬಣ್ಣದ ಸ್ಟಿಕ್ಕರ್ ಅಂಟಿಸಿದರು. ಯಾರು ಯಾವ ದ್ವೀಪಕ್ಕೆ ಅಂತ ಅದನ್ನು ನೋಡಿಯೇ ಬೋಟಿಗೆ ಹತ್ತಿಸುತ್ತಾರೆ. ಸೂಟ್‌ಕೇಸುಗಳನ್ನೆಲ್ಲ ಒಂದೇ ಕಡೆ ರಾಶಿ ಹಾಕುತ್ತಾರೆ, ಇಳಿಯುವಾಗ ನಮ್ಮದು ತಪ್ಪದೆ ಅಡಿಯಲ್ಲೇ ಇರುತ್ತದೆ, ಅದಕ್ಕೆ ಯಾರೇನು ಮಾಡೋಕಾಗುತ್ತೆ. ಸುಮಾರು ಎರಡು ಗಂಟೆಯಲ್ಲಿ ಫಿ ಫಿ ದ್ವೀಪ. ಅಲ್ಲಿಂದ ಕೋ ಲಾಂಟಾ ದ್ವೀಪಕ್ಕೂ ತೊಂದರೆ ಇರಲಿಲ್ಲ.

ಹವಾಮಾನದ ಲೆಕ್ಕವೂ ಸರಿಯಾಗಿತ್ತು. ಅಂಡಮಾನ್ ಸಮುದ್ರದ ಕಡೆ, ಅಂದರೆ ಫುಕೆಟ್, ಕ್ರಾಬಿ, ಫಿ ಫಿಯಲ್ಲಿ ಮೇ ತಿಂಗಳಿಂದ ಅಕ್ಟೋಬರ್ ತನಕ ಮಳೆ, ಅಲೆ ಎರಡೂ ಜಾಸ್ತಿ. ಆಚೆ ಥಾಯ್ಲೆಂಡ್ ಕೊಲ್ಲಿಯ ಕಡೆ ಇರುವ ಸಮುಯಿ ದ್ವೀಪದಲ್ಲಿ ಜೋರು ಮಳೆ ಬರೋದು ಅಕ್ಟೋಬರಿನಿಂದ ಡಿಸೆಂಬರಿಗೆ. ನಾವು ಫೆಬ್ರವರಿ ಕೇಳಿದ್ದೆವು, ಎರಡೂ ಕಡೆ ನಡೆಯುತ್ತದೆ ಅಂದರು, ನಡೆಯಿತು.

ಆದರೆ ನಡೆಯುತ್ತದೆ ಅಂತ ಎರಡನ್ನೂ ಒಂದೇ ಟ್ರಿಪ್ಪಿಗೆ ತುರುಕೋದಾ? ಪಿಡಿಎಫ್‌ನಲ್ಲಿ ‘ಲಾಂಟಾದಿಂದ ಸಮುಯಿಗೆ ಪ್ರಯಾಣ’ ಅಂತ ಒಂದೇ ಸಾಲು, ಪಕ್ಕದಲ್ಲಿ ಒಂದು ತೆಂಗಿನಮರದ ಚಿತ್ರ. ನಿಜಕ್ಕೂ ಅದು ಏನಂದರೆ, ವ್ಯಾನಿನಲ್ಲಿ ದ್ವೀಪ ಬಿಟ್ಟು ಆಚೆ ನೆಲಕ್ಕೆ ಬರಬೇಕು, ದೇಶವನ್ನು ಈ ಕರಾವಳಿಯಿಂದ ಆ ಕರಾವಳಿಗೆ ಅಡ್ಡ ದಾಟಬೇಕು, ಡೊನ್‌ಸಾಕ್ ಪಿಯರ್‌ನಲ್ಲಿ ಕಾಯಬೇಕು, ಆಮೇಲೆ ಇನ್ನೊಂದು ಫೆರಿ. ಇಡೀ ದಿನ ಹೋಯಿತು. ಹತ್ತಿರದ ದ್ವೀಪಕ್ಕೆ ಹೋಗೋದಾದರೂ ರೂಮು ಖಾಲಿ ಮಾಡಿ, ಪಿಯರ್‌ಗೆ ಬಂದು, ಆ ಕಡೆ ಮತ್ತೆ ರೂಮು ಸೇರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಇದನ್ನು ಹೇಳದವರು ಇನ್ನೇನು ಪ್ಲ್ಯಾನ್ ಮಾಡಿದ ಹಾಗಾಯ್ತು?

ಫಿ ಫಿ ಹತ್ತಿರದ ಮಾಯಾ ಬೇ ಬೀಚಿನ ಬಗ್ಗೆ ಬರೆದದ್ದಂತೂ ಹಳೇ ಸರಕು. ‘ನೀಲಿ ನೀರಿನಲ್ಲಿ ಈಜಿ’ ಅಂತೆ. ಜನ ಹೆಚ್ಚಾಗಿ ಹವಳ ಹಾಳಾಯಿತು ಅಂತ 2018ರಲ್ಲಿ ಮುಚ್ಚಿದ ಆ ಬೀಚನ್ನು 2022ರಲ್ಲಿ ಮತ್ತೆ ತೆರೆದರು, ಅಂದಿನಿಂದ ಅಲ್ಲಿ ಈಜುವಂತೆಯೇ ಇಲ್ಲ. ಬೋಟು ಎದುರಿನಿಂದ ಒಳಗೆ ಬರುವುದಿಲ್ಲ, ದ್ವೀಪದ ಹಿಂಬದಿಯಲ್ಲಿ ಇಳಿಸುತ್ತಾರೆ, ಅಲ್ಲಿಂದ ನಡೆದು ಬರಬೇಕು. ಒಳ್ಳೆಯದೇ ಆಯ್ತು ಅನ್ನಿ, ರೆಕ್ಕೆಯ ತುದಿ ಕಪ್ಪಗಿರುವ ಸಣ್ಣ ಶಾರ್ಕ್‌ಗಳು ವಾಪಸ್ ಬಂದಿವೆ. ಆದರೆ ವಿದೇಶಿಯರಿಗೆ ತಲೆಗೆ 400 ಬಾತ್ ಪಾರ್ಕ್ ಫೀ ಬೇರೆ ಇದೆ ಅಂತಾದರೂ ಮೊದಲೇ ಹೇಳಬೇಕಿತ್ತು, ಅಲ್ವಾ?

ಕ್ರಾಬಿಯ ರೈಲೇ ಬೀಚಿನದೂ ಅದೇ ಕಥೆ. ಅಲ್ಲಿಗೆ ರಸ್ತೆ ಇಲ್ಲ, ಆವೊ ನಾಂಗ್‌ನಿಂದ ಲಾಂಗ್‌ಟೇಲ್ ಅನ್ನುವ ಉದ್ದನೆಯ ಮರದ ಬೋಟೇ ಗತಿ. ಮೊಣಕಾಲುದ್ದ ನೀರಿಗಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಅಲೆ ಸರಿದಾಗ ಏಣಿಗೆ ಕಾಲಿಡಬೇಕು. ಚಕ್ರದ ದೊಡ್ಡ ಸೂಟ್‌ಕೇಸನ್ನು ಬೋಟಿನವನೇ ಹೆಗಲಿಗೆ ಹಾಕಿಕೊಂಡ, ಪಾಪ. ಬೆನ್ನಿಗೆ ಹಾಕುವ ಬ್ಯಾಗ್ ತನ್ನಿ ಅಂತ ಒಂದು ಸಾಲು ಸಾಕಿತ್ತು.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಟಿಕೆಟಿಗೆ. ಇವರ ಹತ್ತಿರ ಹೋಗೋದಾದರೆ ಒಂದೇ ಕರಾವಳಿ ನೀವೇ ಆರಿಸಿಕೊಂಡು ಹೋಗಿ, ಟಿಕೆಟ್ ಮಾತ್ರ ಮಾಡಿಸಿಕೊಳ್ಳಿ. ಊರಿಗೆ ವಾಪಸ್ ಬರುವ ವಿಮಾನದ ದಿನವೇ ದ್ವೀಪದಿಂದ ಹೊರಡುವ ಹಾಗೆ ಹಾಕಿಕೊಟ್ಟರೆ ಒಪ್ಪಲೇಬೇಡಿ. ಅಲೆ ಜೋರಾಗಿ ಫೆರಿ ನಿಂತರೆ ಅದರ ದುಡ್ಡು ವಾಪಸ್ ಬಂದರೂ ಬಂದೀತು, ವಿಮಾನ ಮಾತ್ರ ಕಾಯುವುದಿಲ್ಲ.