ಗುಡ್ ವಾಟರ್ ನೈಬರ್ಸ್: ಗಡಿಯಾಚೆ ನೀರಿನ ನೆರೆಹೊರೆ

ಇದು ಇಕೋಪೀಸ್ ಎಂಬ ಪರಿಸರ ಸಂಸ್ಥೆ 2001ರಲ್ಲಿ ಶುರುಮಾಡಿದ ಕಾರ್ಯಕ್ರಮ. ಇಸ್ರೇಲ್, ಪ್ಯಾಲೆಸ್ತೀನ್, ಜೋರ್ಡಾನ್‌ಗಳಲ್ಲಿ ಒಂದೇ ಜಲಮೂಲ ಹಂಚಿಕೊಂಡ ಊರುಗಳನ್ನು ಜೋಡಿ ಮಾಡುತ್ತದೆ. ಮೊದಲ ಹೆಜ್ಜೆ ಶಾಲೆಗಳಲ್ಲಿ ಮಳೆನೀರು ಕೊಯ್ಲು. ಒಪ್ಪಂದದ ಮಾತು ಆಮೇಲೆ. ಈ ಕ್ರಮ ಸರಿ.

ಅಸಲಿ ಪರೀಕ್ಷೆ ನಡೆದದ್ದು ಪ್ಯಾಲೆಸ್ತೀನಿನ ಬತ್ತೀರ್ ಎಂಬ ಹಳ್ಳಿಯಲ್ಲಿ. ಅಲ್ಲಿ ಎಂಟು ಮನೆತನಗಳು ದಿನಕ್ಕೊಂದರಂತೆ ಸರದಿಯಲ್ಲಿ ಚಿಲುಮೆ ನೀರು ಹಾಯಿಸುತ್ತವೆ, ಹಾಗಾಗಿ ವಾರಕ್ಕೆ ಎಂಟು ದಿನ! ಅಲ್ಲಿನ ಮೆಟ್ಟಿಲು ಗದ್ದೆಗಳನ್ನು ಸೀಳಲಿದ್ದ ಇಸ್ರೇಲಿನ ತಡೆಗೋಡೆಯನ್ನು ಇಸ್ರೇಲಿನ ನೆರೆಯವರೂ ವಿರೋಧಿಸಿದರು. 2014ರಲ್ಲಿ ಬತ್ತೀರ್ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 2015ರಲ್ಲಿ ಗೋಡೆಯ ಯೋಜನೆ ನಿಂತಿತು.

ಕೊರತೆ ದೊಡ್ಡದೇ. ಎಷ್ಟು ನೀರು ಯಾರಿಗೆ ಎಂಬುದು ಇಸ್ರೇಲ್–ಪ್ಯಾಲೆಸ್ತೀನ್ ನಡುವಿನ 1995ರ ಓಸ್ಲೊ ಒಪ್ಪಂದದ ಚೌಕಟ್ಟಿನಲ್ಲಿದೆ, ಊರಿನವರ ಕೈಯಲ್ಲಿಲ್ಲ. ಗಡಿಯಾಚೆಯವರ ಜೊತೆ ಕೂತವರಿಗೆ ಸ್ವಂತ ಊರಲ್ಲೇ ‘ಶತ್ರುವಿನೊಡನೆ ರಾಜಿ’ ಎಂಬ ಬೈಗುಳವೂ ಕಾದಿರುತ್ತದೆ.